ಗದ್ದೆಯೇ ಅದರ ಮೇಲೆ ಬಂತು

ಗದ್ದೆಯ ಬದುವಿನಲ್ಲಿ ನಡೆಯುವಾಗ ನೀರೊಳ್ಳೆಯೊಂದು ಪೈರಿನ ಸಂದಿಗೆ ಸರಕ್ಕನೆ ಜಾರಿದರೆ ನಮ್ಮ ರೈತರು ಬೆಚ್ಚುವುದಿಲ್ಲ. ಅದರ ದೂರದ ನೆಂಟನೊಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಭತ್ತದ ಗದ್ದೆಗಳಲ್ಲೇ ಬಾಳುತ್ತಿದೆ. ದೈತ್ಯ ಗಾರ್ಟರ್ ಹಾವು. ಹೆಸರಿಗೆ ದೈತ್ಯ, ಉದ್ದ ಹೆಚ್ಚೆಂದರೆ ಐದು ಅಡಿಗಿಂತ ತುಸು ಮಿಗಿಲು. ಮೀನು, ಕಪ್ಪೆ, ಗೊದಮೊಟ್ಟೆ ತಿಂದುಕೊಂಡು, ಮೊಟ್ಟೆಯಿಡದೆ ಮರಿಯನ್ನೇ ಹೆರುವ ಜೀವ.

ಅದು ಗದ್ದೆಯನ್ನು ಹುಡುಕಿಕೊಂಡು ಬಂದದ್ದಲ್ಲ. ಗದ್ದೆಯೇ ಅದರ ಮೇಲೆ ಬಂತು. ಅಲ್ಲಿನ ಸೆಂಟ್ರಲ್ ವ್ಯಾಲಿ ಎಂಬ ಕಣಿವೆ ಒಂದು ಕಾಲಕ್ಕೆ ಜೊಂಡು ತುಂಬಿದ ಜೌಗುಸೀಮೆ. ಸಿಯೆರಾ ನೆವಾಡ ಬೆಟ್ಟಸಾಲಿನ ಹಿಮ ಕರಗಿ ಇಳಿದ ನೀರು ಹರಡಿಕೊಂಡು ನಿಲ್ಲುತ್ತಿತ್ತು. ಹೊಲಕ್ಕಾಗಿ ಆ ನೀರನ್ನು ತಿರುಗಿಸಿದರು, ಬಸಿದರು. ವಿಶಾಲವಾದ ಟುಲಾರೆ ಸರೋವರವೇ ಬತ್ತಿತು. ಜೌಗಿನ ಶೇ 90ಕ್ಕೂ ಹೆಚ್ಚು ಭಾಗ ಹೋಯಿತು, ಕಣಿವೆಯ ದಕ್ಷಿಣದ ತುದಿಯಲ್ಲಿ ಹಾವೂ ಇಲ್ಲವಾಯಿತು. ಉತ್ತರದ ಸ್ಯಾಕ್ರಮೆಂಟೊ ಕಡೆ ಭತ್ತ ಬೆಳೆದರು. ಭತ್ತಕ್ಕೆ ಬೇಸಿಗೆಯುದ್ದಕ್ಕೂ ನೀರು ನಿಲ್ಲಬೇಕು. ಹಾವು ಓಡಾಡುವುದೂ ಅದೇ ತಿಂಗಳುಗಳಲ್ಲಿ. ಹೀಗೆ ಅದು ಬದುಕಿತು.

ಯಾರೂ ಹಾವಿಗೆಂದು ನೀರು ಹಾಯಿಸಿರಲಿಲ್ಲ. ಕೆಡಿಸುವಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಉಳಿಸುವಾಗಲೂ ಬಿದ್ದಿರಲಿಲ್ಲ. ನಾವು ಅರಿಯದೆ ಮಾಡಿದ ಕೇಡಿಗೆ ಹೊಣೆ ಹೊರಲು ಹಿಂಜರಿಯುತ್ತೇವೆ. ಅರಿಯದೆ ಆದ ಒಳಿತನ್ನು ಮಾತ್ರ ನಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ. ಭತ್ತದ ಗದ್ದೆ ಹಾವಿಗೆ ಆಸರೆ ಎಂಬ ಮಾತು ಕೇಳಿದಾಗೆಲ್ಲ ನನಗೆ ಕಾಣುವುದು, ಮನೆ ಕಳೆದುಕೊಂಡವರು ಅದೇ ಮನೆಯ ಹಿತ್ತಲಲ್ಲಿ ತಂಗಿರುವ ಚಿತ್ರ.

ಆದರೆ ಅರಿಯದ ಕಾಲ ಮುಗಿದಿದೆ. 1971ರಲ್ಲಿ ರಾಜ್ಯ, 1993ರಲ್ಲಿ ಒಕ್ಕೂಟ ಸರ್ಕಾರ ಈ ಹಾವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದವು. ಬರ ಬಂದಾಗ ಗದ್ದೆ ಬೀಳು ಬಿಟ್ಟು, ಉಳಿದ ನೀರನ್ನು ಬೇರೆಡೆಗೆ ಮಾರುವುದುಂಟು. ಬರದಲ್ಲಿ ಬೇಯುವ ರೈತನನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಆ ನೀರಿಗೆ ಇನ್ನೊಂದು ಜೀವ ಅಂಟಿಕೊಂಡಿದೆ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ.

ಅಕ್ಟೋಬರ್ ಹೊತ್ತಿಗೆ ಹಾವು ಕಾಲುವೆಯ ಏರಿ ಹತ್ತುತ್ತದೆ. ಪ್ರವಾಹ ಮುಟ್ಟದ ಎತ್ತರದಲ್ಲಿ, ನೆಲದ ಅಳಿಲು ತೋಡಿ ಬಿಟ್ಟ ಬಿಲದೊಳಗೆ ಚಳಿಗಾಲವನ್ನು ಕಳೆಯುತ್ತದೆ. ಮುಂದಿನ ಮೇ ತಿಂಗಳಲ್ಲಿ ಎದುರಿನ ಗದ್ದೆಗೆ ನೀರು ಬಿಡುವುದೋ ಬೇಡವೋ ಎಂಬ ಲೆಕ್ಕಾಚಾರ ಅದು ಒಳಗೆ ಮಲಗಿರುವಾಗಲೇ ನಡೆಯುತ್ತದೆ.