ಹಣ್ಣುನೊಣ ಮತ್ತು ಕೊಲ್ಲದಿರುವ ಧರ್ಮ

ಪರಂಪರೆಯು ತಿರುವಳ್ಳುವರ್ ಅವರನ್ನು ಚೆನ್ನೈನ ಮೈಲಾಪುರದೊಂದಿಗೆ ಬೆಸೆದಿದೆ. ಅವರ ‘ತಿರುಕ್ಕುರಳ್’ನ 33ನೇ ಅಧ್ಯಾಯ ಕೊಲ್ಲದಿರುವುದನ್ನು ಶ್ರೇಷ್ಠ ಧರ್ಮವೆನ್ನುತ್ತದೆ, 104ನೆಯದು ಉಳುಮೆಯನ್ನು ಎತ್ತಿ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವ ಕಷ್ಟ ನಗರದ ಪಕ್ಕದ ತಿರುವಳ್ಳೂರು ಜಿಲ್ಲೆಯ ಮಾವಿನ ತೋಪುಗಳಲ್ಲಿ ಕಾಣುತ್ತದೆ.

ಇಲ್ಲಿನ ಎದುರಾಳಿ ಬ್ಯಾಕ್ಟ್ರೋಸೆರಾ ಡೋರ್ಸಾಲಿಸ್ ಎಂಬ ಹಣ್ಣುನೊಣ. ಹೆಣ್ಣುನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ.

ಜೈನ ಚಿಂತನೆಯ ವಿಂಗಡಣೆ ಇಲ್ಲಿ ನೆರವಾಗುತ್ತದೆ. ಕೊಲ್ಲಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ ಗೃಹಸ್ಥನಿಗೂ ನಿಷಿದ್ಧ. ಬೇಸಾಯದಂಥ ವೃತ್ತಿಯಲ್ಲಿ ತಪ್ಪಿಸಲಾಗದ ಉದ್ಯೋಗಿ ಹಿಂಸೆಗೆ, ಎಚ್ಚರ ವಹಿಸಿದರೆ, ರಿಯಾಯಿತಿಯುಂಟು.

ಈ ಅಳತೆಗೋಲಿನಲ್ಲಿ ಪರಿಸರಸ್ನೇಹಿ ಎನ್ನುವ ವಿಧಾನಗಳೆಲ್ಲ ಒಂದೇ ಅಲ್ಲ. ಕಾಯಿಗೆ ಕಾಗದದ ಚೀಲ ಕಟ್ಟುವುದು ಬರೀ ತಡೆ. ಉದುರಿದ ಹಣ್ಣನ್ನು ಆಯ್ದು ಆಳವಾಗಿ ಹೂತರೆ ಒಳಗಿನ ಹುಳುಗಳಿಗೆ ಸಾವು. ಮೀಥೈಲ್ ಯೂಜಿನಾಲ್ ಬಲೆಯಂತೂ ಗಂಡುನೊಣವನ್ನು ವಾಸನೆಯಿಂದ ಸೆಳೆದು ಕೊಲ್ಲುತ್ತದೆ, ಸಂಕಲ್ಪವಿಲ್ಲವೆಂದು ಹೇಳುವಂತಿಲ್ಲ. ಆದರೂ ಅದು ಜೇನುನೊಣ, ಜೇಡಗಳನ್ನು ಬಹುಪಾಲು ಬಿಟ್ಟುಬಿಡುತ್ತದೆ. ಮರದ ತುಂಬ ಸಿಂಪಡಿಸಿದ ಕೀಟನಾಶಕಕ್ಕೆ ಆ ಭೇದವಿಲ್ಲ. ಉದ್ದೇಶವನ್ನು ತೂಗುವವರಿಗೆ ಬಲೆ ದೋಷದ್ದು, ಸತ್ತ ಜೀವಗಳನ್ನು ಎಣಿಸುವವರಿಗೆ ಸಿಂಪಡಣೆಗಿಂತ ವಾಸಿ. ಎರಡನೆಯ ಲೆಕ್ಕವೇ ರೈತನಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಚೀಲ ಕಟ್ಟಲು ಕೂಲಿ ಬೇಕು. ಹಳೆಯ ಎತ್ತರದ ಮರಗಳಲ್ಲಿ ಅದು ಆಗದ ಮಾತು. ಹಾಗಾಗಿ ಅಹಿಂಸೆಗೆ ಅತಿ ಹತ್ತಿರದ ಈ ದಾರಿ ಸದ್ಯಕ್ಕೆ ಗಿಡ್ಡ ಮರಗಳ ತೋಟಕ್ಕಷ್ಟೇ ಸಲ್ಲುತ್ತದೆ.