ಕೋಶದಾನದ ಎಲ್ಲೆ

ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿದ್ದ ಯಲಬುರ್ಗೆಯ ಸೀಮೆಯಲ್ಲಿ ದಾನಶಾಸನಗಳು ಅಪರೂಪವಲ್ಲ. ಕೊಟ್ಟವನಾರು, ಪಡೆದವನಾರು, ಭೂಮಿಯ ಎಲ್ಲೆ ಯಾವ ಹಳ್ಳದಿಂದ ಯಾವ ಕಲ್ಲಿನವರೆಗೆ ಎಂಬುದನ್ನು ಅಂಥ ಶಾಸನಗಳಲ್ಲಿ ಕೊರೆಯಿಸುವುದು ವಾಡಿಕೆಯಾಗಿತ್ತು. ತನ್ನ ಸ್ವತ್ವವನ್ನು ತೊರೆದು ಪರರ ಸ್ವತ್ವವನ್ನುಂಟುಮಾಡುವುದೇ ದಾನವೆಂದು ಧರ್ಮಶಾಸ್ತ್ರಜ್ಞರು ಲಕ್ಷಣ ಹೇಳುವರು. ಎಲ್ಲೆಯೇ ಇಲ್ಲದ ವಸ್ತುವನ್ನು ದಾನ ಮಾಡಬಹುದೇ ಎಂಬ ಸಂದೇಹವು ಈಗ ವೈದ್ಯಶಾಸ್ತ್ರದ ಕಡೆಯಿಂದ ಹುಟ್ಟಿದೆ.

2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಎಂಬ ವಿದ್ವಾಂಸರು ಇಲಿಯ ಜೀವಕೋಶಗಳಲ್ಲಿ ನಾಲ್ಕು ವಂಶವಾಹಿಗಳನ್ನು ಸೇರಿಸಿ, ಅವುಗಳನ್ನು ಭ್ರೂಣಾವಸ್ಥೆಗೆ ಸಮಾನವಾದ ಸ್ಥಿತಿಗೆ ಮರಳಿಸಿದರು. ಮರುವರ್ಷವೇ ಮನುಷ್ಯನ ಕೋಶಗಳಲ್ಲಿಯೂ ಇದು ಸಿದ್ಧಿಸಿತು. 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಹೀಗಾದ ಕಾಂಡಕೋಶವನ್ನು ತಕ್ಕ ದ್ರವ್ಯಗಳಿಂದ ಪೋಷಿಸಿ ಹೃದಯಕೋಶವನ್ನಾಗಿ ಮಾಡಿದರೆ, ಕೆಲವೇ ದಿನಗಳಲ್ಲಿ ಅದು ತಟ್ಟೆಯೊಳಗೆ ತಾನಾಗಿ ಮಿಡಿಯತೊಡಗುವುದು. ರೋಗಿಯ ಎದೆಯನ್ನು ಸೀಳದೆ ಅವನ ರೋಗವನ್ನು ಕಣ್ಣೆದುರಿಗಿಟ್ಟು ನೋಡಬಹುದು. ಔಷಧವನ್ನು ಅವನಿಗೆ ಕೊಡುವ ಮೊದಲು ಅವನ ಕೋಶಕ್ಕೇ ಕೊಟ್ಟು ಪರೀಕ್ಷಿಸಬಹುದು. ಆದರೆ ಆ ಕೋಶವು ಶಿಶುವಿನದರಂತೆ ಅಪಕ್ವವಾದುದು. ನಲವತ್ತು ವರ್ಷ ದುಡಿದ ಎದೆಯ ಸಾಕ್ಷ್ಯವನ್ನು ಅದು ಪೂರ್ತಿಯಾಗಿ ನುಡಿಯಲಾರದು.

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯದ ಸ್ನಾಯುವು ದಪ್ಪವಾಗುವ ರೋಗವನ್ನು ಕುರಿತು ಈ ಮಾರ್ಗದ ಸಂಶೋಧನೆಯು ನಡೆದಿದೆ. ಹೃದಯಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಲೋಪವಾಗಿರುವುದು ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಉಂಟೆಂದೂ, ಅವರಿಗೆ ಹೃದ್ರೋಗದ ಭಯವು ಹೆಚ್ಚೆಂದೂ 2009ರಲ್ಲಿ ಪ್ರಕಟವಾಯಿತು. ವ್ಯಾಕರಣ ಬಲ್ಲವರಿಗೆ ಲೋಪವೆಂಬ ಮಾತು ಹೊಸದಲ್ಲ. ಇಲ್ಲಿ ಮಾತ್ರ ಅದು ಪ್ರಾಣದ ಮೇಲೆ ಬರುವುದು.

ಯಲಬುರ್ಗೆಯ ಒಬ್ಬ ಜೋಳದ ಹೊಲದ ರೈತನು ಇಂಥ ಕಾರ್ಯಕ್ಕಾಗಿ ರಕ್ತವನ್ನು ಕೊಟ್ಟನೆಂದು ಭಾವಿಸೋಣ. ಅವನು ಒಪ್ಪಿ ರುಜು ಹಾಕಿರುವನು. ಆದರೆ ಆ ರಕ್ತವು ಅವನೊಬ್ಬನ ವೃತ್ತಾಂತವನ್ನೇ ಹೇಳುವುದಿಲ್ಲ. ತಮ್ಮನದನ್ನೂ, ಮದುವೆಯ ಮಾತುಕತೆ ನಡೆದಿರುವ ಮಗಳದನ್ನೂ ಅರ್ಧಮರ್ಧವಾಗಿ ಹೇಳಿಬಿಡುವುದು. ಅವರು ರುಜು ಹಾಕಿದವರಲ್ಲ. ತನ್ನದಲ್ಲದ ವಸ್ತುವಿನ ದಾನವು ಸಲ್ಲದೆಂದು ಶಾಸ್ತ್ರವನ್ನೇ ಹಿಡಿದರೆ ಇಂಥ ದಾನವೇ ನಿಂತುಹೋದೀತು, ಔಷಧವೂ ಹುಟ್ಟಲಾರದು. ಆ ಹಟವು ನಿರ್ದಯವಾದುದು. ಹೊಲದಲ್ಲಿ ಒಮ್ಮೆಗೇ ಕುಸಿದು ಬಿದ್ದವನ ಮನೆಯವರು ಅದನ್ನು ಒಪ್ಪಲಾರರು.

ಆದುದರಿಂದ ಶೋಧನೆಗೆ ಕೊಟ್ಟವನ ಒಪ್ಪಿಗೆಯೇ ಸಾಕು. ಅಲ್ಲಿ ತಿಳಿದುಬಂದುದನ್ನು ಹೇಳುವ ರೀತಿ ಮಾತ್ರ ಬೇರೆ. ವೈದ್ಯನು ತಮ್ಮನಿಗೆ ರೋಗವುಂಟೆಂದಾಗಲಿ ಇಲ್ಲವೆಂದಾಗಲಿ ಹೇಳದೆ, ಪರೀಕ್ಷಿಸಿಕೊಳ್ಳತಕ್ಕ ಸಂಗತಿಯೊಂದುಂಟೆಂದಷ್ಟೇ ಅಣ್ಣನ ಮೂಲಕ ತಿಳಿಸಬೇಕು. ತಿಳಿಯಬೇಕೋ ಬೇಡವೋ ಎಂಬುದನ್ನು ತಮ್ಮನು ನಿರ್ಣಯಿಸಲಿ. ಮಗಳ ವಿಷಯವನ್ನು ಮಗಳೇ ನಿರ್ಣಯಿಸಲಿ. ಬೀಗರಿಗೆ ಅದರಲ್ಲಿ ಅಧಿಕಾರವಿಲ್ಲ.