ಚರಗದಲ್ಲಿ ನೆಟೆಗೂ ಪಾಲುಂಟೆ?

ಎಳ್ಳ ಅಮಾವಾಸ್ಯೆಗೆ ನಮ್ಮ ವಾಡಿ ಕಡೆ ಅಡುಗೆಯೆಲ್ಲ ಬುಟ್ಟಿ ಸೇರಿ ಹೊಲಕ್ಕೆ ಹೊರಡುತ್ತದೆ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಅಂಬಲಿ. ಉಣ್ಣುವ ಮೊದಲು ಬೆಳೆಯ ಸುತ್ತ ಚರಗ ಚೆಲ್ಲಬೇಕು. ಭೂಮಿತಾಯಿಗೆ, ಹಕ್ಕಿಗೆ, ಹುಳಕ್ಕೆ. ಹಾಗಾದರೆ ತೊಗರಿಗೆ ನೆಟೆ ರೋಗ ತರುವ ಶಿಲೀಂಧ್ರಕ್ಕೂ ಅದರಲ್ಲಿ ಪಾಲುಂಟೆ?

ನೆಟೆ ಹಿಡಿದ ಗಿಡ ಹೂವು, ಕಾಯಿ ಹೊತ್ತು ನಿಂತಾಗಲೇ ಬಾಡುತ್ತದೆ, ಅದೂ ನೆಲದಲ್ಲಿ ಹಸಿ ಇರುವಾಗ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿರುತ್ತದೆ. ಕುಡುಗೋಲಿನಿಂದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. 1910ರಲ್ಲಿ ಬಟ್ಲರ್ ಎಂಬ ವಿಜ್ಞಾನಿ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟ ಈ ಶಿಲೀಂಧ್ರ ಎಳೆ ಬೇರಿನಿಂದ ಹೊಕ್ಕು, ನೀರೇರುವ ನಾಳದಲ್ಲೇ ಬೆಳೆದು ಅದನ್ನು ಕಟ್ಟಿಬಿಡುತ್ತದೆ. ಗಿಡ ಸತ್ತ ಮೇಲೂ ಮಣ್ಣಲ್ಲಿ ಉಳಿದ ಬೇರು, ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. 2022ರಲ್ಲಿ ಮಳೆ ಹೆಚ್ಚಾಗಿ ನಮ್ಮ ಜಿಲ್ಲೆಯ ತೊಗರಿ ನೆಟೆಗೆ ಸಿಕ್ಕಾಗ ರೈತರು ಪರಿಹಾರ ಕೇಳಿ ಬೀದಿಗಿಳಿದಿದ್ದರು.

ಒಣಗಿದ ಗಿಡ ಕಿತ್ತು ಬೆಂಕಿಗೆ ಹಾಕುತ್ತಿದ್ದ ನನಗೆ ನಮ್ಮತ್ತಿ ಅಂದದ್ದು: "ಅದಕ್ಕೂ ಹೊಟ್ಟಿ ಅದ ಅಲ್ಲೇನವಾ?"

ಈ ಮಾತನ್ನು ನಗೆಯಾಡಿ ತಳ್ಳುವಂತಿಲ್ಲ. ಪಕ್ಕದ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟ ದೊರೆ ಅಮೋಘವರ್ಷನ ರಾಜಧಾನಿಯಾಗಿತ್ತು, ಜೈನರ ದೊಡ್ಡ ನೆಲೆಯಾಗಿತ್ತು. ಬೂಷ್ಟು ಹಿಡಿದದ್ದನ್ನು ಜೈನರು ಉಣ್ಣುವುದಿಲ್ಲ, ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂದು. ಆದರೆ ಅದೇ ಧರ್ಮ ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನೂ ಹೊಟ್ಟೆಪಾಡಿನ ಕೆಲಸದಲ್ಲಿ ತಪ್ಪದೆ ಆಗುವ ಉದ್ಯೋಗೀ ಹಿಂಸೆಯನ್ನೂ ಬೇರೆಬೇರೆಯಾಗಿ ತೂಗಿತು; ಗೃಹಸ್ಥನು ಮೊದಲನೆಯದನ್ನು ಬಿಡಲೇಬೇಕು ಎಂದಿತು. ಒಕ್ಕಲುತನ ಎರಡನೆಯದರಲ್ಲಿ ಬರುತ್ತದೆ. ನನಗೆ ಹಿಡಿಸಿದ್ದು ಈ ತೂಕ. ನೇಗಿಲು ಹೂಡಿದವರಿಗೆ ಪೂರ್ಣ ಅಹಿಂಸೆ ಎಂಬುದಿಲ್ಲ.

ಇನ್ನು ಬೀಜೋಪಚಾರಕ್ಕೆ ಬಳಸುವ ಟ್ರೈಕೋಡರ್ಮಾ ತಾನೇ ಒಂದು ಶಿಲೀಂಧ್ರ; ನೆಟೆಯ ಶಿಲೀಂಧ್ರವನ್ನೇ ತಿನ್ನುತ್ತದೆ. ಒಂದು ಜೀವ ಬಿಟ್ಟು ಇನ್ನೊಂದನ್ನು ಕೊಲ್ಲಿಸುವ ಪಾಪ ಯಾರ ಲೆಕ್ಕಕ್ಕೆ? ಪಂಡಿತರು ಹೇಳಲಿ. ತೊಗರಿ ಬಿಟ್ಟು ಜೋಳ ಬಿತ್ತಿದರೆ ನೆಟೆಯ ಶಿಲೀಂಧ್ರ ಮೇವು ಸಿಗದೆ ಮಣ್ಣಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಕೇಳದೆ ಉಪವಾಸ ಕೆಡಹುವುದೂ ಹಿಂಸೆಯೇ, ಆದರೆ ಇದರಲ್ಲಿ ಬೆಂಕಿಯಿಲ್ಲ, ವಿಷವಿಲ್ಲ.

ಚರಗ ಎಲ್ಲರ ಹೆಸರಲ್ಲೂ ಚೆಲ್ಲಿ, ನೆಟೆಯ ಹೆಸರಲ್ಲೂ. ಆದರೆ ಒಣಗಿದ ಗಿಡವನ್ನು ಬೇರುಸಮೇತ ಕಿತ್ತು ಸುಡಿ, ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕಿ. ತೊಗರಿಯೇ ಬೇಕೆಂದರೆ ಮಾರುತಿ, ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ಕೇಳಿ ತನ್ನಿ.